ಒಂದೇ ಮ್ಯಾಶ್, ಎರಡು ಗೋಧಿ ಬಿಯರ್: ಎಲ್ಲಿ ಕೆಟ್ಟಿತೆಂದು ಹುಡುಕುವ ಬಗೆ

ಹೋಳಿಗೆ ಮಾಡುವ ದಿನ ನಮ್ಮ ಧಾರವಾಡದ ಕಡೆಯ ಮನೆಗಳಲ್ಲಿ ಕಡಲೆಬೇಳೆಯನ್ನು ಬೇಯಿಸಿ, ಬಸಿದ ಕಟ್ಟನ್ನು ಸಾರಿಗೆ ಎತ್ತಿಟ್ಟು, ಉಳಿದ ಬೇಳೆಯನ್ನು ಬೆಲ್ಲದೊಂದಿಗೆ ಹೂರಣಕ್ಕೆ ಅರೆಯುತ್ತಾರೆ. ಅಂದು ಸಾರಿಗೂ ಹೂರಣಕ್ಕೂ ಒಂದೇ ಬಗೆಯ ಮುಗ್ಗಲು ವಾಸನೆ ಬಂದರೆ ದೋಷ ಬೇಳೆಯದು. ಸಾರು ಮಾತ್ರ ಕೆಟ್ಟಿದ್ದರೆ ಬೇಳೆಯನ್ನು ಬೈದು ಪ್ರಯೋಜನವಿಲ್ಲ. ಬಸಿದ ಮೇಲೆ ನಡೆದದ್ದೇನು ಎಂಬುದನ್ನು ನೋಡಬೇಕು. ಒಂದೇ ಮ್ಯಾಶ್‌ನಿಂದ ಎರಡು ಗೋಧಿ ಬಿಯರ್ ತೆಗೆಯುವವರು ದೋಷ ಹುಡುಕುವಾಗ ಹಿಡಿಯಬೇಕಾದ ದಾರಿಯೂ ಇದೇ. ಮ್ಯಾಶ್ ಎಂದರೆ ಮಾಲ್ಟನ್ನು, ಅಂದರೆ ಮೊಳಕೆ ಬರಿಸಿ ಒಣಗಿಸಿದ ಧಾನ್ಯವನ್ನು, ಒಡೆದು ಬಿಸಿನೀರಿನಲ್ಲಿ ನೆನೆಸಿದ್ದು; ಅದರಿಂದ ಬಸಿದ ಸಿಹಿ ದ್ರವವೇ ಇಲ್ಲಿಯ ಕಟ್ಟು. ಯಾವ ಲಕ್ಷಣ ಕಂಡರೂ ಮೊದಲು ಕೇಳಬೇಕಾದ ಪ್ರಶ್ನೆ ಒಂದೇ: ಇದು ಎರಡರಲ್ಲೂ ಇದೆಯೇ, ಒಂದರಲ್ಲಿ ಮಾತ್ರವೇ? ಎರಡರಲ್ಲೂ ಇದ್ದರೆ ಧಾನ್ಯ, ನೀರು, ಮ್ಯಾಶ್ ಅಥವಾ ಎರಡಕ್ಕೂ ಬಳಸಿದ ಉಪಕರಣವನ್ನು ಶಂಕಿಸಬೇಕು. ಒಂದರಲ್ಲಿ ಮಾತ್ರ ಇದ್ದರೆ, ಕಟ್ಟು ಎರಡು ಪಾತ್ರೆಗಳಿಗೆ ಹಂಚಿಹೋದ ಮೇಲಿನ ಕೆಲಸವನ್ನು ನೋಡಬೇಕು. ಒಂದೇ ಬಿಯರ್ ಮಾಡುವವನಿಗೆ ಇಂತಹ ಹೋಲಿಕೆ ಸಿಗುವುದಿಲ್ಲ.

ಮುಂದುವರಿಯುವ ಮೊದಲು ಕಾನೂನಿನ ಮಾತನ್ನು ಹೇಳಿಬಿಡುತ್ತೇನೆ. ಕರ್ನಾಟಕ ಅಬಕಾರಿ ಕಾಯ್ದೆ, 1965ರ ಪ್ರಕಾರ ಪರವಾನಗಿಯಿಲ್ಲದೆ ಮದ್ಯ ತಯಾರಿಸುವುದು ಅಪರಾಧ, ಬಿಯರೂ ಅದರೊಳಗೇ ಬರುತ್ತದೆ. ಬ್ರಿಟನ್ನಿನಲ್ಲಿ 1963ರಿಂದ ಮನೆಬಳಕೆಗೆ ಪರವಾನಗಿ ಬೇಕಿಲ್ಲ, ಅಮೆರಿಕದಲ್ಲಿ 1978ರಲ್ಲಿ ಒಕ್ಕೂಟ ಸರ್ಕಾರದ ಕಾನೂನು ಬದಲಾಯಿತು. ನಾನು ಬವೇರಿಯಾದಲ್ಲಿ ನೌಕರಿಯಲ್ಲಿದ್ದಾಗ ಈ ಕೆಲಸ ಕಲಿತೆ. ಈಗ ಧಾರವಾಡದ ಮಾಳಮಡ್ಡಿಯ ಮನೆಯಲ್ಲಿ ಮ್ಯಾಶ್ ಮಾಡಿ ಕಟ್ಟು ಬಸಿಯುವವರೆಗೆ ಮಾತ್ರ ನನ್ನ ಪ್ರಯೋಗ, ಯೀಸ್ಟ್ ಹಾಕುವುದಿಲ್ಲ. ಬಸಿದದ್ದನ್ನು ಕಾಯಿಸಿ ಕಾಕಂಬಿಯಂತೆ ಇಳಿಸಿ ಮೊಮ್ಮಕ್ಕಳ ಹಾಲಿಗೆ ಬೆರೆಸುತ್ತೇವೆ. ಮುಂದಿನ ಹಂತದ ದೋಷಗಳು ನನಗೆ ತಿಳಿಯುವುದು ಹಳೆಯ ಅನುಭವದಿಂದ, ಮತ್ತು ಹೊರದೇಶಗಳಲ್ಲಿ ನೆಲೆಸಿರುವ ಹುಬ್ಬಳ್ಳಿ, ಗದಗ, ಹಾವೇರಿಯ ಹುಡುಗರು ಭಾನುವಾರ ಸಂಜೆ ಮಾಡುವ ಫೋನುಗಳಿಂದ. ಈ ಬರಹ ಅವರಿಗಾಗಿ.

ಲೆಕ್ಕಕ್ಕೆ ಒಂದು ಅಳತೆ ಇರಲಿ. ಗೋಧಿ ಮಾಲ್ಟ್ 3 ಕಿಲೋ, ಬಾರ್ಲಿ ಮಾಲ್ಟ್ 2 ಕಿಲೋ, ಮ್ಯಾಶ್‌ಗೆ ನೀರು 17 ಲೀಟರ್. ಧಾನ್ಯ ಸುಮಾರು 5 ಲೀಟರ್ ಹೀರಿಕೊಳ್ಳುವುದರಿಂದ ಮೊದಲ ಕಟ್ಟು 12 ಲೀಟರ್ ಇಳಿಯುತ್ತದೆ, ಅದರ ಸಾಂದ್ರತೆ 1.075ರ ಆಸುಪಾಸು (ನೀರಿನದು 1.000, ಸಿಹಿ ಹೆಚ್ಚಿದಷ್ಟೂ ಅಂಕಿ ಏರುತ್ತದೆ). ಆಮೇಲೆ 14 ಲೀಟರ್ ಬಿಸಿನೀರು ಹಾಕಿ ಕಲಕಿ ಬಸಿದರೆ ಎರಡನೆಯ ಕಟ್ಟು 14 ಲೀಟರ್, ಸಾಂದ್ರತೆ ಸುಮಾರು 1.020. ಇವೆರಡರಿಂದ ಒಂದು ಗಟ್ಟಿ ವೈಟ್ಸೆನ್‌ಬಾಕ್, ಒಂದು ಹಗುರ ಹೆಫೆವೈಟ್ಸೆನ್ ಮಾಡುವುದು ಗುರಿ.

ನಲ್ಲಿ ತೆರೆದಿದೆ, ಕಟ್ಟು ಇಳಿಯುತ್ತಿಲ್ಲ

ಗೋಧಿ ಬಿಯರ್‌ನಲ್ಲಿ ಎಲ್ಲಕ್ಕಿಂತ ಹೆಚ್ಚು ಕಾಡುವ ತೊಂದರೆ ಇದು. ಬಾರ್ಲಿಯ ಕಾಳಿಗೆ ಹೊಟ್ಟು ಅಂಟಿಕೊಂಡಿರುತ್ತದೆ, ಆ ಹೊಟ್ಟೇ ಪಾತ್ರೆಯ ತಳದಲ್ಲಿ ಜರಡಿಯಾಗಿ ನಿಂತು ದ್ರವಕ್ಕೆ ದಾರಿ ಬಿಡುತ್ತದೆ. ಗೋಧಿ ಒಕ್ಕುವಾಗಲೇ ಹೊಟ್ಟು ಬಿಟ್ಟುಕೊಡುತ್ತದೆ. ಜೊತೆಗೆ ಅದರ ಪ್ರೋಟೀನ್ ಮತ್ತು ಅಂಟುಪದಾರ್ಥಗಳು ಸೇರಿ ಹಲಗೆಯಂತಹ ಪದರ ಕಟ್ಟುತ್ತವೆ. ಹೀಗಾಗಿ ಗೋಧಿಯ ಪಾಲು ಹೆಚ್ಚಿದಷ್ಟೂ ಕಟ್ಟು ಇಳಿಯುವುದು ಕಷ್ಟ. ಜರ್ಮನಿಯಲ್ಲಿ ಗೋಧಿ ಬಿಯರ್ ಎನಿಸಿಕೊಳ್ಳಲು ಮಾಲ್ಟಿನಲ್ಲಿ ಅರ್ಧಕ್ಕೆ ಕಡಿಮೆಯಿಲ್ಲದಷ್ಟು ಗೋಧಿ ಇರಲೇಬೇಕಾದ್ದರಿಂದ ಈ ಕಷ್ಟದಿಂದ ಪೂರ್ತಿ ತಪ್ಪಿಸಿಕೊಳ್ಳುವ ಹಾದಿಯಿಲ್ಲ.

ಮೊದಲು ಖರ್ಚಿಲ್ಲದ ಪರೀಕ್ಷೆ. ನಲ್ಲಿಯನ್ನು ಮುಚ್ಚಿ, ಹತ್ತು ನಿಮಿಷ ಬಿಟ್ಟು, ಕಾಲುಭಾಗ ಮಾತ್ರ ತೆರೆಯಿರಿ. ಆರಂಭದಲ್ಲೇ ನಲ್ಲಿಯನ್ನು ಪೂರ್ತಿ ತೆರೆದರೆ ಕೆಳಗಿನ ಸೆಳೆತಕ್ಕೆ ಧಾನ್ಯದ ಹಾಸು ಒತ್ತಿ ಕೂರುತ್ತದೆ. ದೂರಿನೊಂದಿಗೆ ಬರುವ ಫೋನುಗಳಲ್ಲಿ ಬಹುಪಾಲು ಇಲ್ಲಿಗೇ ಮುಗಿಯುತ್ತವೆ. ಆಗಲೂ ಇಳಿಯದಿದ್ದರೆ ಧಾನ್ಯದ ಮೇಲೆ ದ್ರವ ನಿಂತಿದೆಯೇ ನೋಡಿ. ಮೇಲೆ ನಿಂತಿದ್ದು ಕೆಳಗೆ ಬರುತ್ತಿಲ್ಲವೆಂದರೆ ಹಾಸು ಬಿಗಿದಿದೆ. ಮೇಲೆ ಒಣಗಿ ಬಿರುಕು ಬಿಟ್ಟಿದ್ದರೆ ಬಸಿಯುವುದು ಮುಗಿದಿದೆ, ನಲ್ಲಿಯ ತಪ್ಪೇನೂ ಇಲ್ಲ.

ಹಾಸು ಬಿಗಿದಿದ್ದರೆ ಅದರ ಬಿಸಿಯನ್ನು ಅಳೆಯಿರಿ. 60 ಡಿಗ್ರಿಗಿಂತ ಕೆಳಗಿಳಿದ ಮ್ಯಾಶ್ ಆರಿದ ಗಂಜಿಯಂತೆ ಗಟ್ಟಿಯಾಗುತ್ತದೆ. ಬಿಸಿನೀರು ಸೇರಿಸಿ 75ರ ಹತ್ತಿರ ತಂದರೆ ತೆಳುವಾಗಿ ಹರಿಯುತ್ತದೆ. ನಂತರದ ಉಪಾಯ, ನಲ್ಲಿಗೆ ಕೊಳವೆ ಕಟ್ಟಿ ಎರಡು ಲೀಟರ್ ಬಿಸಿನೀರನ್ನು ಕೆಳಗಿನಿಂದ ಮೇಲಕ್ಕೆ ಹಾಯಿಸುವುದು. ಹಾಸು ತಳದಿಂದ ಎದ್ದು ಸಡಿಲವಾಗುತ್ತದೆ. ಇದೂ ಫಲಿಸದಿದ್ದರೆ ಎಲ್ಲವನ್ನೂ ತಳದವರೆಗೆ ಕಲಕಿ, ಕಾಲು ಗಂಟೆ ಕೂರಲು ಬಿಟ್ಟು, ಮೊದಲ ಎರಡು ಮೂರು ಲೀಟರ್ ಮಸುಕು ಕಟ್ಟನ್ನು ಮತ್ತೆ ಮೇಲಿನಿಂದ ನಿಧಾನವಾಗಿ ಸುರಿದು, ಹೊಸದಾಗಿ ಬಸಿಯಬೇಕು.

ಮುಂದಿನ ಸಲಕ್ಕೆ ಮದ್ದು ಭತ್ತದ ಹೊಟ್ಟು. 5 ಕಿಲೋ ಧಾನ್ಯಕ್ಕೆ ಕಾಲು ಕಿಲೋ ಸಾಕು. ಹೊರದೇಶದಲ್ಲಿ ಅದನ್ನು ಪೊಟ್ಟಣದಲ್ಲಿ ಕೊಂಡು ತರುತ್ತಾರೆ; ನನಗೆ ಹಾನಗಲ್ಲಿನ ಕಡೆಯ ಅಕ್ಕಿ ಗಿರಣಿಯಿಂದ ಚೀಲದ ತುಂಬ ಬರುತ್ತದೆ. ಗಿರಣಿಯ ಹೊಟ್ಟಿನಲ್ಲಿ ಮಣ್ಣು, ಉಸುಕು ಇರುವುದರಿಂದ ನೀರು ತಿಳಿಯಾಗುವವರೆಗೆ ತೊಳೆದು, ನೆನೆಸಿ ಹಾಕಬೇಕು. ತೌಡು ತರಬೇಡಿ, ಅದು ರೋಗವನ್ನು ಇನ್ನಷ್ಟು ಹೆಚ್ಚಿಸುತ್ತದೆ.

ಬೀಸುವಿಕೆಯೂ ಕಾರಣವಾಗಬಹುದು. ಊರಿಗೆ ಬಂದ ಹೊಸದರಲ್ಲಿ ನಾನು ಮಾಲ್ಟನ್ನು ಓಣಿಯ ಹಿಟ್ಟಿನ ಗಿರಣಿಗೆ ಕೊಟ್ಟು, ಒಡೆದರೆ ಸಾಕು ಎಂದು ಹೇಳಿ ಬಂದಿದ್ದೆ. ಗೋಧಿ ಎಂದರೆ ಚಪಾತಿಗೇ ಎಂದು ಭಾವಿಸಿ ಅವರು ನುಣ್ಣಗೆ ಬೀಸಿಕೊಟ್ಟರು. ಅಂದು ಪಾತ್ರೆಯಲ್ಲಿ ಆದದ್ದು ಮ್ಯಾಶ್ ಅಲ್ಲ, ಅಂಟು. ಬೆರಳಿನ ನಡುವೆ ತಿಕ್ಕಿದಾಗ ಹುಗ್ಗಿಗೆ ಒಡೆದ ಗೋಧಿಯಂತೆ ಮೂರು ನಾಲ್ಕು ಚೂರುಗಳು, ಅಲ್ಪ ರವೆ, ಅದಕ್ಕಿಂತ ಅಲ್ಪ ಹಿಟ್ಟು ಸಿಗಬೇಕು. ಬಾರ್ಲಿಯ ಹೊಟ್ಟು ಹರಿಯದೆ ಉಳಿದಿರಬೇಕು. ಗೋಧಿಯ ಕಾಳು ಬಾರ್ಲಿಗಿಂತ ಸಣ್ಣದೂ ಗಟ್ಟಿಯೂ ಆದ್ದರಿಂದ ಎರಡನ್ನೂ ಬೇರೆ ಬೇರೆಯಾಗಿ ಒಡೆಯುವುದು ಲೇಸು.

ಎಚ್ಚರಿಕೆ: ಬಿಗಿದ ಮ್ಯಾಶ್ ಅನ್ನು ಸಡಿಲಿಸುವ ಆತುರದಲ್ಲಿ ಪಾತ್ರೆಯನ್ನು ಎತ್ತಿ ಅಲುಗಾಡಿಸಬೇಡಿ, ಕೊಳವೆಗೆ ಬಾಯಿ ಹಾಕಿ ಊದಬೇಡಿ. 70 ಡಿಗ್ರಿಯ ಮ್ಯಾಶ್ ಚರ್ಮಕ್ಕೆ ಅಂಟಿಕೊಂಡು ಸುಡುತ್ತದೆ, ನೀರಿನಂತೆ ಜಾರಿಹೋಗುವುದಿಲ್ಲ. ಸುಟ್ಟರೆ ಇಪ್ಪತ್ತು ನಿಮಿಷ ತಣ್ಣೀರು ಹರಿಯಬಿಟ್ಟು, ಗುಳ್ಳೆ ಅಂಗೈಗಿಂತ ದೊಡ್ಡದಿದ್ದರೆ ಅಥವಾ ಮುಖ, ಕೈ, ಕೀಲುಗಳ ಮೇಲಿದ್ದರೆ ವೈದ್ಯರ ಬಳಿಗೆ ಹೋಗಬೇಕು.

ಎರಡೂ ಪಾತ್ರೆಗಳಲ್ಲಿ ಸಾಂದ್ರತೆ ಕಡಿಮೆ

ಗಟ್ಟಿಯದೂ ಹಗುರದ್ದೂ ಎರಡೂ ಎಣಿಸಿದ್ದಕ್ಕಿಂತ ತೆಳುವಾಗಿದ್ದರೆ ಸಕ್ಕರೆ ಧಾನ್ಯದಿಂದ ಹೊರಬಂದಿಲ್ಲ, ಅಥವಾ ಬಂದಿದ್ದರೂ ನಿಮ್ಮ ಅಳತೆ ತಪ್ಪಿದೆ. ಎರಡನೆಯದನ್ನೇ ಮೊದಲು ಪರೀಕ್ಷಿಸಿ. ಸಾಂದ್ರತೆ ಅಳೆಯುವ ಸಾಮಾನ್ಯ ಹೈಡ್ರೋಮೀಟರ್ 20 ಡಿಗ್ರಿಗೆ ಗುರುತು ಹಾಕಿದ್ದು. ಕಟ್ಟು 30 ಡಿಗ್ರಿಯಿದ್ದರೆ ಸುಮಾರು 0.003, 40 ಇದ್ದರೆ 0.006, 60 ಇದ್ದರೆ 0.015 ಸೇರಿಸಬೇಕಾಗುತ್ತದೆ. ಬಿಸಿ ಕಟ್ಟಿನಲ್ಲಿ ಅಳೆದು ‘ನನ್ನ ಮಾಲ್ಟ್ ಕಳಪೆ’ ಎಂದು ಅಂಗಡಿಯವನೊಡನೆ ಜಗಳವಾಡಿದವರುಂಟು. ಲೋಟದಷ್ಟನ್ನು ಆರಿಸಿ ಅಳೆಯುವುದೇ ಸರಿ. ಕುದಿಯುವ ದ್ರವಕ್ಕೆ ಗಾಜಿನ ಹೈಡ್ರೋಮೀಟರ್ ಇಳಿಸಿದರೆ ಅದು ಸಿಡಿಯಬಹುದು. ಗಟ್ಟಿ ಕಟ್ಟು ತಳದಲ್ಲಿ, ತೆಳು ಕಟ್ಟು ಮೇಲೆ ನಿಲ್ಲುವುದರಿಂದ ಚೆನ್ನಾಗಿ ಕಲಕಿದ ಮೇಲೆಯೇ ಮಾದರಿ ತೆಗೆಯಬೇಕು.

ಅಳತೆ ಸರಿಯಿದ್ದರೆ ಥರ್ಮಾಮೀಟರಿನ ಸರದಿ. ಪಿಷ್ಟವನ್ನು ಸಕ್ಕರೆಯಾಗಿಸುವ ಕಿಣ್ವಗಳಲ್ಲಿ ಬೀಟಾ ಅಮೈಲೇಸ್ 60ರಿಂದ 65 ಡಿಗ್ರಿಯಲ್ಲಿ, ಆಲ್ಫಾ ಅಮೈಲೇಸ್ 68ರಿಂದ 72 ಡಿಗ್ರಿಯಲ್ಲಿ ಚುರುಕಾಗಿರುತ್ತವೆ. 66 ಎಂದುಕೊಂಡದ್ದು ನಿಜವಾಗಿ 75 ಇದ್ದರೆ ಅವು ಕೆಲಸ ಮುಗಿಸುವ ಮೊದಲೇ ಸಾಯುತ್ತವೆ. ಥರ್ಮಾಮೀಟರನ್ನು ಕರಗುತ್ತಿರುವ ಮಂಜುಗಡ್ಡೆಯಲ್ಲಿಟ್ಟರೆ 0 ತೋರಿಸಬೇಕು. ಕುದಿಯುವ ನೀರಿನ ಪರೀಕ್ಷೆಯಲ್ಲಿ ನಮ್ಮೂರಿನವರು ಒಂದು ಸಂಗತಿಯನ್ನು ಮರೆಯುತ್ತಾರೆ. ಧಾರವಾಡ ಸಮುದ್ರಮಟ್ಟದಿಂದ ಸುಮಾರು 750 ಮೀಟರ್ ಎತ್ತರದಲ್ಲಿದೆ. ಇಲ್ಲಿ ನೀರು ಕುದಿಯುವುದು ಸುಮಾರು 97.5 ಡಿಗ್ರಿಗೆ. ನನ್ನ ಒಳ್ಳೆಯ ಥರ್ಮಾಮೀಟರನ್ನು ನಾನೇ ಕೆಟ್ಟದ್ದೆಂದು ತಿಳಿದು, 2.5 ಡಿಗ್ರಿ ತಿದ್ದಿ, ಒಂದು ವರ್ಷ ಪೂರ್ತಿ ತಪ್ಪು ಬಿಸಿಯಲ್ಲಿ ಮ್ಯಾಶ್ ಮಾಡಿದ್ದೇನೆ. ನೀವಿರುವ ಊರಿನ ಎತ್ತರವನ್ನು ನೋಡಿಕೊಂಡೇ ಈ ಪರೀಕ್ಷೆ ಮಾಡಿ.

ಮೂರನೆಯದು ಅಯೋಡಿನ್ ಪರೀಕ್ಷೆ. ಬಿಳಿ ತಟ್ಟೆಯ ಮೇಲೆ ಒಂದು ಚಮಚ ಕಟ್ಟು, ಅದರ ಮೇಲೆ ಔಷಧದಂಗಡಿಯ ಟಿಂಚರ್ ಅಯೋಡಿನ್ ಒಂದು ಹನಿ. ಬಣ್ಣ ಕಪ್ಪು ನೀಲಿಗೆ ತಿರುಗಿದರೆ ಪಿಷ್ಟ ಇನ್ನೂ ಉಳಿದಿದೆ, ಅರ್ಧ ಗಂಟೆ ಹೆಚ್ಚು ಬಿಡಿ. ಅಯೋಡಿನ್ನಿನ ಕಂದು ಹಳದಿ ಬಣ್ಣವೇ ಉಳಿದರೆ ಪಿಷ್ಟ ಮುಗಿದಿದೆ. ಸಿಪ್ಪೆಯ ಚೂರು ಸೇರಿದರೆ ಸುಳ್ಳು ನೀಲಿ ಬರುತ್ತದೆ, ದ್ರವವನ್ನಷ್ಟೇ ತೆಗೆದುಕೊಳ್ಳಿ. ಪರೀಕ್ಷಿಸಿದ ಮಾದರಿಯನ್ನು ಚೆಲ್ಲಬೇಕು, ಪಾತ್ರೆಗೆ ಮರಳಿಸಬಾರದು.

ಮೂರೂ ಸರಿಯಿದ್ದು ಸಾಂದ್ರತೆ ಇನ್ನೂ ಕಡಿಮೆಯಿದ್ದರೆ ನೀರನ್ನು ನೋಡಿ. ನಿಮ್ಮ ಕೆಟಲಿನ ತಳದಲ್ಲಿ ಸುಣ್ಣದಂತಹ ಬಿಳಿ ಪೊರೆ ಕಟ್ಟುತ್ತದೆಯೇ? ಗದಗಿನ ಕಡೆಯ ಬೋರ್ ನೀರು ಕಾಯಿಸುವವರಿಗೆ ಆ ಪೊರೆಯ ಪರಿಚಯ ಹೇಳಬೇಕಾಗಿಲ್ಲ. ಅಂತಹ ಕ್ಷಾರದ ನೀರಿನಲ್ಲಿ, ಅದರಲ್ಲೂ ತಿಳಿಬಣ್ಣದ ಮಾಲ್ಟ್‌ನೊಂದಿಗೆ, ಮ್ಯಾಶ್‌ನ ಪಿಎಚ್ ಏರಿ ಕಿಣ್ವಗಳು ಮಂದವಾಗುತ್ತವೆ. ಆರಿಸಿದ ಮಾದರಿಯಲ್ಲಿ 5.2ರಿಂದ 5.6ರೊಳಗೆ ಇರಬೇಕು. ನೀರನ್ನು ಮೊದಲೇ ಕುದಿಸಿ, ಆರಿಸಿ, ಪೊರೆಯನ್ನು ತಳದಲ್ಲೇ ಬಿಟ್ಟು ಬಸಿದುಕೊಳ್ಳುವುದು ಅಗ್ಗದ ಪರಿಹಾರ. ಶುದ್ಧೀಕರಿಸಿದ ನೀರನ್ನು ಅರ್ಧ ಬೆರೆಸುವುದು ಅದರ ಮುಂದಿನದು. ಆಹಾರ ದರ್ಜೆಯ ಲ್ಯಾಕ್ಟಿಕ್ ಆಮ್ಲ ಕೊನೆಯದು, ಅದೂ ಪಿಎಚ್ ಅಳೆಯುವ ಸಾಧನ ಕೈಯಲ್ಲಿದ್ದಾಗ ಮಾತ್ರ.

ಒಂದು ಪಾನಕ, ಇನ್ನೊಂದು ನೀರು

ಇಲ್ಲಿ ಮ್ಯಾಶ್‌ನ ತಪ್ಪಿಲ್ಲ, ಹಂಚಿಕೆಯ ತಪ್ಪಿದೆ. ಮೊದಲ ಕಟ್ಟೆಲ್ಲ ಗಟ್ಟಿ ಬಿಯರಿಗೆ, ಎರಡನೆಯದೆಲ್ಲ ಹಗುರದ್ದಕ್ಕೆ ಎಂದು ಹಂಚಿದರೆ, ಮೇಲಿನ ಅಳತೆಯಲ್ಲಿ ಮೊದಲನೆಯದು ಕುದಿದು 10 ಲೀಟರಿಗೆ ಇಳಿದಾಗ 1.090 ಆಗುತ್ತದೆ, ಎರಡನೆಯದು 12 ಲೀಟರಿಗೆ ಇಳಿದರೂ 1.023 ದಾಟುವುದಿಲ್ಲ. ಧಾನ್ಯ ಹೀರಿಕೊಂಡ ಐದೇ ಲೀಟರ್ ಸಿಹಿ ಎರಡನೆಯ ಕಟ್ಟಿಗೆ ಬರುವುದರಿಂದ ಇದು ಅನಿವಾರ್ಯ.

ಕುದಿಸುವ ಮೊದಲು ಬೆರಸಿದರೆ ಸರಿಹೋಗುತ್ತದೆ. ಲೆಕ್ಕವೂ ಸುಲಭ: ಸಾಂದ್ರತೆಯ ಕೊನೆಯ ಎರಡಂಕಿಯನ್ನು ಲೀಟರಿನಿಂದ ಗುಣಿಸಿ ಕೂಡಿಸಬೇಕು. ಗಟ್ಟಿ ಪಾತ್ರೆಗೆ ಮೊದಲ ಕಟ್ಟು 8 ಲೀಟರ್, ಎರಡನೆಯದು 4 ಲೀಟರ್ ಹಾಕಿದರೆ 600 ಮತ್ತು 80 ಸೇರಿ 680. ಕುದಿದು 10 ಲೀಟರಾದಾಗ 1.068. ಹಗುರ ಪಾತ್ರೆಗೆ ಮೊದಲನೆಯದು 4, ಎರಡನೆಯದು 10 ಲೀಟರ್ ಹಾಕಿದರೆ 300 ಮತ್ತು 200 ಸೇರಿ 500; 12 ಲೀಟರಾದಾಗ 1.042. ಬೆರಸುವುದನ್ನು ಮರೆತು ಕುದಿಸಿಬಿಟ್ಟಿದ್ದರೂ ಹಾಪ್ಸ್ (ಬಿಯರಿಗೆ ಕಹಿ ಕೊಡುವ ಹೂವು) ಹಾಕದಿದ್ದರೆ ತಡವಾಗಿಲ್ಲ. ಹಾಪ್ಸ್ ಹಾಕಿದ ಮೇಲೆ ಬೆರಸಿದರೆ ಕಹಿಯ ಲೆಕ್ಕ ಎರಡರಲ್ಲೂ ತಪ್ಪುತ್ತದೆ. ಆಗ ತೆಳುವಾದದ್ದನ್ನು ತೆಳುವಾಗಿಯೇ ಕುಡಿಯುವುದು ನನ್ನ ಸಲಹೆ. ಸಕ್ಕರೆ ಸುರಿದು ಸಾಂದ್ರತೆ ಏರಿಸಿದವರಿಗೆ ಮದ್ಯಸಾರ ಸಿಕ್ಕಿತೇ ಹೊರತು ಗೋಧಿಯ ಮೈ ಸಿಗಲಿಲ್ಲ.

ಹಗುರವಾದದ್ದು ಮಾತ್ರ ಒಗರು

ಅಡಿಕೆ ಜಗಿದಂತೆ ನಾಲಿಗೆ ಒಣಗಿ ಹಿಡಿದುಕೊಂಡರೆ ಅದು ಒಗರು, ಹಾಪ್ಸ್‌ನ ಕಹಿಯಲ್ಲ. ಎರಡನೆಯ ಕಟ್ಟಿನಲ್ಲಿ ಬಾರ್ಲಿಯ ಸಿಪ್ಪೆಯ ಟ್ಯಾನಿನ್ ಇಳಿದಿದೆ. ತೊಳೆಯುವ ನೀರು 77 ಡಿಗ್ರಿಗಿಂತ ಬಿಸಿಯಿತ್ತೇ, ಕೊನೆಯ ಕಟ್ಟಿನ ಸಾಂದ್ರತೆ 1.010ಕ್ಕಿಂತ ಇಳಿದ ಮೇಲೂ ಆಸೆಯಿಂದ ಬಸಿಯುತ್ತಲೇ ಇದ್ದಿರೇ, ನೀರು ಕ್ಷಾರದ್ದೇ ಎಂಬ ಮೂರನ್ನೂ ಇದೇ ಕ್ರಮದಲ್ಲಿ ನೋಡಿ. ಆಗಿಹೋದ ಒಗರಿಗೆ ಪರಿಹಾರವಿಲ್ಲ; ಕೆಲವು ವಾರ ತಣ್ಣಗಿಟ್ಟರೆ ಅಲ್ಪಸ್ವಲ್ಪ ಇಳಿಯುತ್ತದೆ.

ಹಗುರವಾದದ್ದು ಮಾತ್ರ ಹುಳಿ

ಮನೆಯಲ್ಲಿ ದೊಡ್ಡ ಪಾತ್ರೆ ಒಂದೇ ಇರುತ್ತದೆ. ಗಟ್ಟಿಯದು ಒಂದೂವರೆ ಗಂಟೆ ಕುದಿದು, ಆರಿ, ಪಾತ್ರೆ ಖಾಲಿಯಾಗುವವರೆಗೆ ಇನ್ನೊಂದು ಕಟ್ಟು ಬಕೆಟಿನಲ್ಲಿ ಕಾಯುತ್ತದೆ. 40 ಡಿಗ್ರಿಯ ಆಸುಪಾಸಿನ ಸಿಹಿ ದ್ರವ ಲ್ಯಾಕ್ಟಿಕ್ ಬ್ಯಾಕ್ಟೀರಿಯಾಕ್ಕೆ ಹೆಪ್ಪು ಹಾಕಿದ ಹಾಲಿದ್ದಂತೆ, ಮತ್ತು ಮಾಲ್ಟಿನ ಸಿಪ್ಪೆಯ ಮೇಲೆ ಆ ಬ್ಯಾಕ್ಟೀರಿಯಾ ಹೇರಳವಾಗಿರುತ್ತದೆ. ಮುಂದೆ ಕುದಿಸಿದಾಗ ಅದು ಸಾಯುತ್ತದೆ, ಆದರೆ ಮಾಡಿಟ್ಟ ಹುಳಿ ಉಳಿಯುತ್ತದೆ. ಒಂದೆರಡು ಗಂಟೆ ಮೀರಿ ಹಾಗೆಯೇ ಇಡಬೇಕಾದರೆ ಆ ಕಟ್ಟನ್ನು ಒಮ್ಮೆ ಕುದಿ ಬರಿಸಿ ಮುಚ್ಚಿಡಬೇಕು. ಯೀಸ್ಟ್ ಹಾಕುವ ಮೊದಲೇ ರುಚಿ ನೋಡಿದರೆ ಈ ದೋಷ ಅಲ್ಲಿಯೇ ಸಿಕ್ಕುತ್ತದೆ.

ಹುದುಗಿದ ಮೇಲೆ ಬಂದ ಹುಳಿ ಬೇರೆ. ವಿನೆಗರ್‌ನಂತೆ ಮೂಗಿಗೆ ಹೊಡೆದರೆ ಗಾಳಿ ಒಳಹೊಕ್ಕಿದೆ: ಮುಚ್ಚಳ, ರಬ್ಬರು, ನಲ್ಲಿಯ ಸಂದು ನೋಡಿ. ಎರಡೂ ಬಿಯರ್ ಹುಳಿಯಾಗಿದ್ದರೆ ಎರಡಕ್ಕೂ ತಾಗಿದ ಕೊಳವೆಯನ್ನೋ ಸವುಟನ್ನೋ ಎಸೆಯಿರಿ. ಗೀರು ಬಿದ್ದ ಪ್ಲಾಸ್ಟಿಕ್ಕನ್ನು ತೊಳೆದು ಶುದ್ಧಮಾಡಲಾಗದು. ಸ್ವಚ್ಛಗೊಳಿಸುವಾಗ ಬ್ಲೀಚಿಂಗ್ ದ್ರಾವಣವನ್ನು ಯಾವ ಆಮ್ಲದೊಂದಿಗೂ, ವಿನೆಗರ್‌ನೊಂದಿಗೂ, ಬೆರಸಬೇಡಿ. ವಿಷಕಾರಿ ಕ್ಲೋರಿನ್ ಅನಿಲ ಏಳುತ್ತದೆ. ಮೇಲೆ ಹಸಿರು ಅಥವಾ ಕಪ್ಪು ಬೂಷ್ಟು ಬೆಳೆದಿದ್ದರೆ ಕೆನೆ ತೆಗೆದಂತೆ ತೆಗೆದು ಉಳಿದದ್ದನ್ನು ಕುಡಿಯುವ ಪ್ರಶ್ನೆಯೇ ಇಲ್ಲ, ಚೆಲ್ಲಬೇಕು.

ಹುದುಗು ಏಳಲಿಲ್ಲ, ಅಥವಾ ನಡುವೆ ನಿಂತಿತು

ಗಾಳಿಬೀಗದಲ್ಲಿ (ಒಳಗಿನ ಅನಿಲ ಹೊರಬಿಟ್ಟು ಹೊರಗಾಳಿ ತಡೆಯುವ, ಮುಚ್ಚಳದ ಮೇಲಿನ ಸಾಧನ) ಗುಳ್ಳೆ ಬರುತ್ತಿಲ್ಲವೆಂದು ಆರು ತಾಸಿಗೇ ಫೋನು ಬರುತ್ತದೆ. ಗುಳ್ಳೆ ಸಾಕ್ಷಿಯಲ್ಲ, ಮುಚ್ಚಳ ಸಡಿಲವಿದ್ದರೆ ಅನಿಲ ಬೇರೆ ದಾರಿಯಲ್ಲಿ ಹೋಗುತ್ತದೆ. ನೊರೆ ಎದ್ದಿದೆಯೇ, ಪಾತ್ರೆಯ ಒಳಗೋಡೆಗೆ ಕಂದು ಗೆರೆ ಹತ್ತಿದೆಯೇ ನೋಡಿ. 24 ತಾಸು ಏನೂ ಮಾಡಬೇಡಿ. ಎರಡು ದಿನ ಕಳೆದರೂ ನೊರೆಯಿಲ್ಲದೆ, ಸಾಂದ್ರತೆಯೂ ಕದಲದಿದ್ದರೆ ಹೊಸ ಯೀಸ್ಟ್ ಹಾಕಬೇಕು.

ಎರಡೂ ಏಳದಿದ್ದರೆ ಯೀಸ್ಟೇ ಸತ್ತಿರಬೇಕು. ಪೊಟ್ಟಣದ ದಿನಾಂಕ ನೋಡಿ, ಅಥವಾ ಕಟ್ಟು ಆರುವ ಮೊದಲೇ ಹಾಕಿದಿರಾ ನೆನಪಿಸಿಕೊಳ್ಳಿ. ಹಗುರವಾದದ್ದು ಮುಗಿದು ಗಟ್ಟಿಯದು 1.030ರಲ್ಲಿ ನಿಂತಿದ್ದರೆ, ಹತ್ತರಲ್ಲಿ ಏಳು ಸಲ ಕಾರಣ ನಾನೇ ಒಮ್ಮೆ ಮಾಡಿದ ತಪ್ಪು: 11.5 ಗ್ರಾಮಿನ ಒಂದೇ ಪೊಟ್ಟಣವನ್ನು ಕಣ್ಣಳತೆಯಲ್ಲಿ ಅರ್ಧರ್ಧ ಹಾಕಿದ್ದು. 10 ಲೀಟರ್ ಗಟ್ಟಿ ಕಟ್ಟಿಗೆ ಒಣ ಯೀಸ್ಟ್ ಸುಮಾರು 10 ಗ್ರಾಂ ಬೇಕು, 12 ಲೀಟರ್ ಹಗುರ ಕಟ್ಟಿಗೆ 6ರಿಂದ 7 ಗ್ರಾಂ ಸಾಕು. ನಿಂತುಹೋದದ್ದಕ್ಕೆ ಮೊದಲು ಪಾತ್ರೆಯನ್ನು 20, 22 ಡಿಗ್ರಿಯ ಜಾಗಕ್ಕೆ ಸರಿಸಿ, ಮೆಲ್ಲಗೆ ಅಲುಗಿಸಿ ತಳದ ಯೀಸ್ಟನ್ನು ಎಬ್ಬಿಸಿ, ಮೂರು ದಿನ ಕಾಯಿರಿ. ಕದಲದಿದ್ದರೆ ಹಗುರ ಬಿಯರಿನ ತಳದಲ್ಲಿ ಕುಳಿತ ತಾಜಾ ಯೀಸ್ಟನ್ನು ಒಂದು ಲೋಟ ಹಾಕಿ. ಎರಡು ಬಿಯರ್ ಒಟ್ಟಿಗೆ ಮಾಡುವುದರ ಇನ್ನೊಂದು ಅನುಕೂಲ ಇದು.

ಗಟ್ಟಿಯದು 1.015ರಿಂದ 1.018ಕ್ಕೆ, ಹಗುರದ್ದು 1.009ರಿಂದ 1.012ಕ್ಕೆ ಇಳಿದು ನಿಂತರೆ ಅದು ಮುಗಿದ ಲಕ್ಷಣ, ನಿಂತ ಲಕ್ಷಣವಲ್ಲ. ಎರಡೂ ಮೇಲೆಯೇ ನಿಂತಿದ್ದರೆ ಮ್ಯಾಶ್ 70 ದಾಟಿತ್ತು, ಹುದುಗದ ಸಕ್ಕರೆ ಹೆಚ್ಚಾಗಿದೆ. ಯೀಸ್ಟ್ ಎಷ್ಟು ಹಾಕಿದರೂ ಇಳಿಯದು.

ಗೋಧಿ ಬಿಯರಿನ ಯೀಸ್ಟ್ ನೊರೆಯನ್ನು ಬಹಳ ಎತ್ತರ ಏರಿಸುತ್ತದೆ. ಪಾತ್ರೆಯ ಮೂರನೆಯ ಒಂದು ಭಾಗ ಖಾಲಿ ಬಿಡಿ. ಗಾಳಿಬೀಗ ನೊರೆಯಿಂದ ಕಟ್ಟಿಕೊಂಡರೆ ಒತ್ತಡಕ್ಕೆ ಮುಚ್ಚಳ ಹಾರುತ್ತದೆ. ಮುಖವನ್ನು ದೂರವಿಟ್ಟು, ಬಟ್ಟೆ ಮುಚ್ಚಿ ನಿಧಾನವಾಗಿ ಬಿಚ್ಚಿ, ದಪ್ಪ ಕೊಳವೆ ಹಾಕಿ. ಕಿಟಕಿಯಿಲ್ಲದ ಕೋಣೆಯಲ್ಲಿ ಇಟ್ಟಿದ್ದರೆ ಇಂಗಾಲದ ಡೈಆಕ್ಸೈಡ್ ನೆಲಮಟ್ಟದಲ್ಲಿ ನಿಲ್ಲುತ್ತದೆ. ಗ್ಯಾಸ್ ಒಲೆಯನ್ನಂತೂ ಮುಚ್ಚಿದ ಕೋಣೆಯಲ್ಲಿ ಗಂಟೆಗಟ್ಟಲೆ ಉರಿಸಲೇಬಾರದು; ತಲೆನೋವು, ತಲೆಸುತ್ತು ಬಂದರೆ ಒಲೆಯನ್ನೂ ಪಾತ್ರೆಯನ್ನೂ ಅಲ್ಲೇ ಬಿಟ್ಟು ಹೊರಗೆ ಬಂದು ವೈದ್ಯಕೀಯ ಸಹಾಯ ಕರೆಯಿರಿ.

ಬಾಳೆಹಣ್ಣು ಅತಿಯಾಯಿತು, ಲವಂಗ ಬರಲಿಲ್ಲ

ಈ ಯೀಸ್ಟಿನ ಹೆಸರಾಂತ ಎರಡು ಪರಿಮಳಗಳು ಎರಡು ದಾರಿಯಿಂದ ಬರುತ್ತವೆ. ಬಾಳೆಹಣ್ಣಿನದು ಐಸೊಅಮೈಲ್ ಅಸಿಟೇಟ್. ಹುದುಗುವ ಬಿಸಿ ಏರಿದಷ್ಟೂ, ಕಟ್ಟು ಗಟ್ಟಿಯಾದಷ್ಟೂ ಹೆಚ್ಚುತ್ತದೆ. ಲವಂಗದ್ದು 4-ವಿನೈಲ್ ಗ್ವಾಯಕಾಲ್. ಧಾನ್ಯದಲ್ಲಿರುವ ಫೆರುಲಿಕ್ ಆಮ್ಲವನ್ನು ಯೀಸ್ಟ್ ಹೀಗೆ ಬದಲಿಸುತ್ತದೆ. ಆದ್ದರಿಂದ ಎರಡೂ ಬಿಯರುಗಳಲ್ಲಿ ಲವಂಗ ಇಲ್ಲದಿದ್ದರೆ ಫೆರುಲಿಕ್ ಆಮ್ಲವೇ ಸಾಲದಾಗಿದೆ: ಮುಂದಿನ ಸಲ ಮ್ಯಾಶ್ ಅನ್ನು 43ರಿಂದ 45 ಡಿಗ್ರಿಯಲ್ಲಿ ಕಾಲು ಗಂಟೆ ನಿಲ್ಲಿಸಿ ಮೇಲೇರಿಸಿ. ಆ ಯೀಸ್ಟ್ ಗೋಧಿ ಬಿಯರಿನದೇ ಎಂಬುದನ್ನೂ ಪೊಟ್ಟಣದ ಮೇಲೆ ಓದಿ. ಸಾಮಾನ್ಯ ಏಲ್ ಯೀಸ್ಟಿಗೆ ಈ ಬದಲಾವಣೆ ಮಾಡುವ ಶಕ್ತಿಯಿಲ್ಲ, ಬ್ರೆಡ್ ಯೀಸ್ಟಿಗೆ ಬಿಯರಿನ ಹದ ಗೊತ್ತಿಲ್ಲ. ಹಗುರದ್ದರಲ್ಲಿ ಲವಂಗವಿದ್ದು ಗಟ್ಟಿಯದರಲ್ಲಿ ಬಾಳೆಹಣ್ಣೇ ಮುಚ್ಚಿಬಿಟ್ಟಿದ್ದರೆ ಗಟ್ಟಿಯದನ್ನು 17, 18 ಡಿಗ್ರಿಯಲ್ಲಿ ಹುದುಗಿಸಬೇಕಾಗಿತ್ತು. ಹುದುಗುವ ದ್ರವ ಕೋಣೆಗಿಂತ ಕೆಲವು ಡಿಗ್ರಿ ಬಿಸಿಯಾಗಿರುತ್ತದೆ, ಗೋಡೆಯ ಥರ್ಮಾಮೀಟರನ್ನು ನಂಬಬೇಡಿ.

ಉಗುರುಬಣ್ಣ ಅಳಿಸುವ ದ್ರವದ ಖಾರವಾಸನೆ ಬಂದರೆ ಬಿಸಿ ಇನ್ನೂ ಮೇಲೆ ಹೋಗಿತ್ತು ಎಂದೇ ಅರ್ಥ.

ಬೇರೆ ವಾಸನೆಗಳು

ಕೊಳೆತ ಮೊಟ್ಟೆಯ ವಾಸನೆ ಮೊದಲ ವಾರದಲ್ಲಿ ಸಹಜ, ತಾನಾಗಿ ಹೋಗುತ್ತದೆ. ಬೇಯಿಸಿದ ಎಲೆಕೋಸಿನ ಅಥವಾ ಮೆಕ್ಕೆಜೋಳದ ವಾಸನೆ ಒಂದರಲ್ಲಿ ಮಾತ್ರ ಇದ್ದರೆ ಅದನ್ನು ಮುಚ್ಚಳ ಹಾಕಿ ಕುದಿಸಿದ್ದೀರಿ; ತಿಳಿಬಣ್ಣದ ಬಾರ್ಲಿ ಮಾಲ್ಟ್ ಇದ್ದಾಗ ತೆರೆದ ಪಾತ್ರೆಯಲ್ಲಿ ಒಂದೂವರೆ ಗಂಟೆ ಕುದಿಯಬೇಕು.

ಆಸ್ಪತ್ರೆಯ, ಬ್ಯಾಂಡೇಜಿನ ವಾಸನೆ ಮಾತ್ರ ಜನರನ್ನು ದಾರಿ ತಪ್ಪಿಸುತ್ತದೆ, ಏಕೆಂದರೆ ಲವಂಗದ ಪರಿಮಳವೂ ಅದೇ ಫೀನಾಲ್ ಕುಲದ್ದು. ಲವಂಗ ಹಿತವಾಗಿರುತ್ತದೆ, ಇದು ಲೋಟ ಕೆಳಗಿಟ್ಟ ಮೇಲೂ ಗಂಟಲಲ್ಲಿ ಉಳಿಯುತ್ತದೆ. ಕಾರಣ ನಲ್ಲಿನೀರಿನ ಕ್ಲೋರಿನ್. ಎರಡರಲ್ಲೂ ಇದ್ದರೆ ಮ್ಯಾಶ್‌ನ ನೀರಿನಿಂದ ಬಂತು, ಒಂದರಲ್ಲಿ ಮಾತ್ರ ಇದ್ದರೆ ಆ ಪಾತ್ರೆಯಲ್ಲಿ ಬ್ಲೀಚ್ ಉಳಿದಿತ್ತು. ಕ್ಲೋರಿನ್ ನೀರನ್ನು ಕುದಿಸಿದರೆ, ಅಥವಾ ರಾತ್ರಿಯಿಡೀ ತೆರೆದಿಟ್ಟರೆ ಹೋಗುತ್ತದೆ. ಹಲವು ಊರುಗಳಲ್ಲಿ ಬಳಸುವ ಕ್ಲೋರಮಿನ್ ಹಾಗೆ ಹೋಗದು, ಅದಕ್ಕೆ ಪೊಟ್ಯಾಸಿಯಂ ಮೆಟಾಬೈಸಲ್ಫೈಟ್ ಚಿಟಿಕೆಯಷ್ಟು ಬೇಕು. ಆಸ್ತಮಾ ಇರುವವರು ಅದರ ಪುಡಿಯನ್ನು ಮೂಗಿಗೆ ಹತ್ತಿರ ತರಬಾರದು.

ಮಬ್ಬು ದೋಷವಲ್ಲ. ಈ ಬಗೆಯ ಗೋಧಿ ಬಿಯರ್ ಮಬ್ಬಾಗಿಯೇ ಇರಬೇಕು. ಅಯೋಡಿನ್ನಿಗೆ ನೀಲಿಯಾಗುವ ಮಬ್ಬು ಮಾತ್ರ ಪಿಷ್ಟದ್ದು.

ಬಸಿದುಳಿದ ಧಾನ್ಯವನ್ನು ಅಂದೇ, ತುಸುವೇ, ಎಮ್ಮೆಗೆ ಹಾಕಬಹುದು. ಮರುದಿನಕ್ಕೆ ಅದು ಹುಳಿಯಾಗಿ ಹಬೆಯಾಡುತ್ತಿರುತ್ತದೆ. ಕುದಿಸಿ ತೆಗೆದ ಹಾಪ್ಸ್ ಅನ್ನು ನಾಯಿಯ ಬಾಯಿಗೆ ಸಿಗದಂತೆ ಹೂಳಿ. ನಾಯಿಗಳಿಗೆ ಅದು ವಿಷ, ಮೈಬಿಸಿ ಏರಿ ಸಾಯಬಹುದು. ತಿಂದದ್ದು ಗೊತ್ತಾದರೆ ಲಕ್ಷಣಕ್ಕಾಗಿ ಕಾಯದೆ ಪಶುವೈದ್ಯರ ಬಳಿ ಒಯ್ಯಬೇಕು.

ಬಾಟಲಿ ತೆರೆದರೆ ಚಿಮ್ಮುತ್ತದೆ

ಇದೊಂದು ಲಕ್ಷಣಕ್ಕೆ ಮಾತ್ರ ರುಚಿಯ ವಿಚಾರ ಬಿಟ್ಟು ಸುರಕ್ಷತೆಯನ್ನು ಮೊದಲು ನೋಡಬೇಕು. ಒಂದು ಬಾಟಲಿ ಚಿಮ್ಮಿದರೆ ಅದೇ ತಂಡದ ಉಳಿದವುಗಳಲ್ಲೂ ಒತ್ತಡ ಇದೆಯೆಂದು ತಿಳಿದು, ದಪ್ಪ ಕೈಗವಸು, ಕಣ್ಣಿಗೆ ಕನ್ನಡಕ ಹಾಕಿಕೊಂಡು, ದಪ್ಪ ಗೋಣಿ ಮುಚ್ಚಿ, ಸಾಧ್ಯವಾದರೆ ಎಲ್ಲವನ್ನೂ ತಣ್ಣಗಿನ ಜಾಗಕ್ಕೆ ಒಯ್ಯಿರಿ. ಅಲುಗಾಡಿಸಬೇಡಿ. ಆರಿದ ಮೇಲೆ ಒಂದೊಂದನ್ನೇ ಬಟ್ಟೆಯೊಳಗೆ ಹಿಡಿದು ಒತ್ತಡ ಬಿಡಬೇಕು. ಈಗಾಗಲೇ ಒಂದು ಸಿಡಿದಿದ್ದರೆ ಹತ್ತಿರ ಹೋಗಬೇಡಿ. ಕೋಣೆ ಮುಚ್ಚಿ, ಮಕ್ಕಳನ್ನು ದೂರವಿಟ್ಟು, ಒಂದು ದಿನ ತಣಿಯಲು ಬಿಡಿ.

ಕಾರಣ ಹುಡುಕುವಾಗ ಮತ್ತೆ ಅದೇ ಪ್ರಶ್ನೆ. ಗಟ್ಟಿಯದು ಮಾತ್ರ ಚಿಮ್ಮಿದರೆ ಹುದುಗು ಮುಗಿಯುವ ಮೊದಲೇ ತುಂಬಿದ್ದೀರಿ: ಮೂರು ದಿನ ಬಿಟ್ಟು ಎರಡು ಸಲ ಅಳೆದಾಗ ಸಾಂದ್ರತೆ ಒಂದೇ ಇರಬೇಕು. ಎರಡೂ ಚಿಮ್ಮಿದರೆ ಬಾಟಲಿಗೆ ತುಂಬುವಾಗ ಗುಳ್ಳೆಗಾಗಿ ಬೆರೆಸುವ ಸಕ್ಕರೆ ಹೆಚ್ಚಾಗಿದೆ, ಅಥವಾ ಎರಡಕ್ಕೂ ಬಳಸಿದ ಕೊಳವೆಯಿಂದ ಸೋಂಕು ತಗುಲಿದೆ. ಹುಳಿಯೂ ಜೊತೆಗಿದ್ದರೆ ಸೋಂಕು. ಮೂರನೆಯ ಬಗೆಯೂ ಉಂಟು. ಹಾವೇರಿಯ ಕಡೆಯ ಹುಡುಗನೊಬ್ಬ ಗಟ್ಟಿಯದು ಚಿಮ್ಮಿ ಹಗುರದ್ದು ಸಪ್ಪೆಯಾಗಿದೆ ಎಂದು ಫೋನು ಮಾಡಿದ. ಎರಡರ ಸಾಂದ್ರತೆಯೂ ಸರಿಯಾಗಿಯೇ ನಿಂತಿತ್ತು. ಲೀಟರಿಗೆ 8 ಗ್ರಾಮಿನಂತೆ 10 ಲೀಟರಿಗೆ 80, 12 ಲೀಟರಿಗೆ 96 ಗ್ರಾಂ ಸಕ್ಕರೆ ತೂಗಿಟ್ಟಿದ್ದು ನಿಜ, ಹಾಗಾದರೆ ಬಟ್ಟಲುಗಳು ಅದಲುಬದಲಾದವೇ ಎಂದು ಕೇಳಿದೆ. ಅಷ್ಟಾದರೂ ಇಷ್ಟು ಚಿಮ್ಮುವುದಿಲ್ಲ. ಕೊನೆಗೆ ಬಾಟಲಿಗಳನ್ನು ಬೆಳಕಿಗೆ ಹಿಡಿಯಲು ಹೇಳಿದಾಗ ಸತ್ಯ ಹೊರಬಿತ್ತು: ಅವನು ಕರಗಿಸದ ಸಕ್ಕರೆಯನ್ನು ಪಾತ್ರೆಗೆ ಸುರಿದು ಕಲಕದೆ ತುಂಬಿದ್ದ, ಮೊದಲು ತುಂಬಿದವು ಪೂರ್ತಿ ಪಾಕ, ಕೊನೆಯವುಗಳಲ್ಲಿ ಸಕ್ಕರೆಯೇ ಇಲ್ಲ. ಎರಡೂ ತಂಡಗಳಲ್ಲಿ ಚಿಮ್ಮುವವೂ ಸಪ್ಪೆಯವೂ ಇದ್ದವು. ಅವನು ಒಂದೊಂದು ತಂಡದಿಂದ ಒಂದೊಂದೇ ಬಾಟಲಿ ತೆರೆದು ತೀರ್ಪು ಕೊಟ್ಟಿದ್ದ. ಸಕ್ಕರೆಯನ್ನು ಒಂದು ಲೋಟ ನೀರಿನಲ್ಲಿ ಕುದಿಸಿ ಕರಗಿಸಿ, ಪಾತ್ರೆಯ ತಳಕ್ಕೆ ಮೊದಲು ಹಾಕಿ, ಅದರ ಮೇಲೆ ಬಿಯರನ್ನು ಕೊಳವೆಯಿಂದ ಸದ್ದಿಲ್ಲದೆ ಇಳಿಸಬೇಕು. ತೆಳು ಗಾಜಿನ, ಒಮ್ಮೆ ಬಳಸಿ ಎಸೆಯುವ ಬಾಟಲಿಗಳಿಗೆ ಈ ಪ್ರಮಾಣವೂ ಹೆಚ್ಚೇ. ಗೋಧಿ ಬಿಯರಿಗೆಂದೇ ಬರುವ ದಪ್ಪ ಬಾಟಲಿ ಸಿಗದಿದ್ದರೆ ಲೀಟರಿಗೆ 5 ಗ್ರಾಮಿಗೆ ನಿಲ್ಲಿಸಿ, ಒಂದನ್ನು ಪ್ಲಾಸ್ಟಿಕ್ ಸೋಡಾ ಬಾಟಲಿಯಲ್ಲಿ ತುಂಬಿಡಿ. ದಿನಕ್ಕೊಮ್ಮೆ ಅದನ್ನು ಹಿಸುಕಿ ನೋಡಿದರೆ ಗಾಜಿನೊಳಗೆ ಏನಾಗುತ್ತಿದೆಯೆಂಬುದು ಬೆರಳಿಗೇ ತಿಳಿಯುತ್ತದೆ.